ಮೂಗೋಜನ ಕೆರೆ

ಸಿರಿಹಾಳದ ಕೆರೆ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ ಆಳೆತ್ತರದ ಕಲ್ಲೊಂದು ನಿಂತಿದೆ. ನೆತ್ತಿಯಲ್ಲಿ ಸೂರ್ಯಚಂದ್ರರ ಗುರುತು. ಅದರ ಕೆಳಗೆ ಶಾಸನ ಇರಬೇಕಾದ ಕಡೆ ಒಂದಕ್ಷರವೂ ಇಲ್ಲ; ಕೈಯಾಡಿಸಿದರೆ ಉಳಿ ಹೆರೆದ ತಗ್ಗುದಿಣ್ಣೆ ಸಿಗುತ್ತದೆ, ಅಷ್ಟೇ. ತೀರ ಬುಡದಲ್ಲಿ, ಹುಲ್ಲು ಸರಿಸಿದರೆ ಮಾತ್ರ ಕಾಣುವಂತೆ, ಹಳಗನ್ನಡದ ಒಂದೇ ಸಾಲು ಉಳಿದಿದೆ: 'ಈ ಬರೆಪವನಳಿದವನ ನಾಲಗೆ ಬೀಳ್ಗೆ.' ಈ ಬರಹವನ್ನು ಅಳಿಸಿದವನ ನಾಲಗೆ ಬಿದ್ದುಹೋಗಲಿ ಎಂದರ್ಥ. ನೋಡಲು ಬಂದವರು ಅಳಿಸಿದ್ದೇನು ಎಂದು ಕೇಳಿದರೆ ಊರವರು ಮುಖ ತಿರುಗಿಸುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಇದಕ್ಕೆ ಸಿರಿಹಾಳದ ಹಿರೇಕೆರೆ ಎಂಬ ಹೆಸರಿದೆಯಂತೆ. ಇರಲಿ ಬಿಡಿ, ಸುತ್ತಿನ ಏಳೂರಲ್ಲಿ ಹಾಗೆ ಕರೆಯುವ ಒಬ್ಬರನ್ನಾದರೂ ತೋರಿಸಿ ನೋಡೋಣ. ಎಲ್ಲರ ಬಾಯಲ್ಲೂ ಇದು ಮೂಗೋಜನ ಕೆರೆಯೇ.

ಹಿಂದೆ ಒಮ್ಮೆ ಆ ಕಲ್ಲಿನ ತುಂಬ ಕನ್ನಡ ಅಕ್ಷರಗಳಿದ್ದವು. ಏರಿಗೆ ಮಣ್ಣು ಹೊತ್ತವರು ಕೆಳಗೇರಿಯವರಾದ್ದರಿಂದ ಮೊದಲ ನೀರು ಕೆಳಗೇರಿಯ ಹೊಲಗಳಿಗೆ, ಆಮೇಲೆ ಉಳಿದವರಿಗೆ, ಕಟ್ಟಕಡೆಗೆ ಗೌಡನ ಹೊಲಕ್ಕೆ ಎಂದು ಅದರಲ್ಲಿ ಬರೆದಿತ್ತು ಎನ್ನುತ್ತಾರೆ. ವರ್ಷಕ್ಕೊಮ್ಮೆ ತೂಬು ಎತ್ತುವ ದಿನ ಕಲ್ಲುಕುಟಿಗರ ಮನೆಯ ಹಿರಿಯ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು, ಊರು ಕೇಳಬೇಕು, ಆಮೇಲೆಯೇ ನೀರು. ಓದು ಬಾರದ ಹೆಂಗಸರಿಗೂ ಆ ಸಾಲುಗಳು ಬಾಯಿಪಾಠವಾಗಿದ್ದವು. ಆ ಕಾಲಕ್ಕೆ ಓದುವ ಸರದಿ ಸಿಂಗೋಜನದು. ಅವನೂ ಕೆಳಗೇರಿಯವನೇ. ಕಲ್ಲು ಕೆತ್ತಿದವನು ಅವನ ಮುತ್ತಜ್ಜ.

ದೊರೆತನ ಬದಲಾಯಿತು. ಹೊಸ ಅರಮನೆಯ ಬರಹವೇ ಬೇರೆ. ತಮ್ಮ ಅಕ್ಷರದಲ್ಲಿಲ್ಲದ ಕಲ್ಲು, ಓಲೆ ಯಾವುದೂ ಇನ್ನು ಸಾಕ್ಷಿಗೆ ನಡೆಯದು, ಎಲ್ಲವನ್ನೂ ಹೊಸದಾಗಿ ಬರೆಸಬೇಕು ಎಂದು ಡಂಗುರ ಹೊಡೆಸಿದರು. ಬರೆದುಕೊಡಲು ಬಂದ ಕಾರಕೂನ ಇಳಿದುಕೊಂಡದ್ದು ಗೌಡನ ಮನೆಯಲ್ಲಿ. ಊರಿನಲ್ಲಿ ಆ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. ಹಳೆಯದನ್ನು ಹೆರೆದು, ತಾನು ಕೆಮ್ಮಣ್ಣಿನಲ್ಲಿ ಬರೆದ ಗೆರೆಗಳ ಮೇಲೆ ಉಳಿ ನಡೆಸು ಎಂದು ಅವನು ಸಿಂಗೋಜನಿಗೆ ಹೇಳಿದ.

"ಒಮ್ಮೆ ಓದಿ ಹೇಳ್ರೀ ಸ್ವಾಮಿ," ಎಂದ ಸಿಂಗೋಜ.

"ಮಾತು ಅವೇ ಅದಾವೋ, ಅಕ್ಷರ ಅಷ್ಟೇ ಬ್ಯಾರೆ. ಅರಮನಿ ಮ್ಯಾಲೇ ಅನುಮಾನ ಏನು ನಿನಗ?"

ಮನೆಯಲ್ಲಿ ಅಕ್ಕ ಬೊಮ್ಮಕ್ಕ ಬೈದಳು. "ಓದಾಕ ಬಾರದ್ದನ್ನ ಕೆತ್ತಬ್ಯಾಡೋ ತಮ್ಮಾ. ನಮ್ಮ ಮನಿಯಾಗ ಯಾರೂ ಹಂಗ ಕೆತ್ತಿಲ್ಲ."

"ಒಲ್ಲೆ ಅಂದ್ರ ಕೈ ಉಳಿದೀತೇನಕ್ಕಾ?" ಎಂದ ಸಿಂಗೋಜ. ಅವನಿಗೆ ಹೆದರಿಕೆಯಾಗಿತ್ತು, ಅದರಲ್ಲಿ ಮುಚ್ಚುಮರೆ ಏನಿದೆ? ಮೂರು ಹಗಲು ಹೆರೆದ. ಮುತ್ತಜ್ಜನ ಅಕ್ಷರಗಳು ಹುಡಿಯಾಗಿ ಕಾಲ ಮೇಲೆ ಬಿದ್ದವು. ಕೊನೆಯ ಸಾಲಿಗೆ ಬಂದಾಗ ಮಾತ್ರ ಕೈ ಮುಂದೆ ಹೋಗಲೇ ಇಲ್ಲ. ಶಾಪದ ಸಾಲು, ಮುಟ್ಟಲಾರೆ ಎಂದ. ಕಾರಕೂನ ಬಗ್ಗಿ ನೋಡಿ, ಗೌಡನ ಮುಖ ನೋಡಿ ನಕ್ಕ. "ಇರಲಿ ಬಿಡು. ಇದ್ರ ಚಲೋನೇ ಆತು." ಆ ನಗೆ ಯಾಕೆಂದು ಸಿಂಗೋಜನಿಗೆ ತಿಳಿಯಲಿಲ್ಲ. ಬೋಳಾದ ಜಾಗದಲ್ಲಿ ಕೆಮ್ಮಣ್ಣಿನ ಗೆರೆ ಹಿಡಿದು ಹೊಸ ಅಕ್ಷರಗಳನ್ನು ಕೆತ್ತಿ ಮುಗಿಸಿದ.

ತೂಬು ಎತ್ತುವ ದಿನ ಕಾರಕೂನನೇ ನಿಂತು ಓದಿ ಅರ್ಥ ಹೇಳಿದ. ಮೊದಲ ನೀರು ಗೌಡನ ಹೊಲಕ್ಕೆ. ಕೆಳಗೇರಿಗೆ ಉಳಿದರೆ ಉಂಟು, ಇಲ್ಲವಾದರೆ ಇಲ್ಲ. ಜನ ಹೋ ಎಂದರು. ಕೆಳಗೇರಿಯ ಗಂಡಸರು ಹಾರೆ ಹಿಡಿದು ಕಲ್ಲಿನತ್ತ ನುಗ್ಗಿದರು. ಗೌಡ ಅಲ್ಲಾಡಲಿಲ್ಲ. ಕೈಯ ಬೆತ್ತವನ್ನು ಬುಡದ ಸಾಲಿಗೆ ತಾಗಿಸಿ, "ಇದೊಂದು ನಿಮ್ಮ ಅಕ್ಷರದಾಗೇ ಐತಲ್ಲ, ಓದ್ರಿ," ಎಂದ. ಎತ್ತಿದ ಹಾರೆಗಳು ಒಂದೊಂದಾಗಿ ಕೆಳಗಿಳಿದವು. ಅಷ್ಟು ಕಾಲ ಅವರ ನೀರನ್ನು ಕಾಯುತ್ತಿದ್ದ ಶಾಪ ಈಗ ಗೌಡನ ಮಾತಿಗೆ ಕಾವಲು ನಿಂತಿತ್ತು. ಎಲ್ಲರೂ ತಿರುಗಿ ನೋಡಿದ್ದು ಸಿಂಗೋಜನನ್ನು.

ಅವನು ಚೀಲದಿಂದ ಉಳಿ ತೆಗೆದ. ಬೊಮ್ಮಕ್ಕ ಓಡಿಬಂದು ಕೈ ಹಿಡಿದುಕೊಂಡಳು. "ಬ್ಯಾಡೋ, ನಿನ್ನ ಕಾಲಿಗೆ ಬೀಳ್ತೇನಿ."

"ಮೊದಲನೇದನ್ನ ಅಳಿಸಿದಾಂವ ನಾನು, ಎರಡನೇದನ್ನೂ ನಾನೇ ಅಳಸ್ತೇನಿ," ಎಂದ ಸಿಂಗೋಜ. "ನಾಲಗಿ ಇರೋದು ಒಂದೇ ಅಲ್ಲಕ್ಕಾ."

ಊರು ಕೇಳಿದ ಅವನ ಕೊನೆಯ ಮಾತು ಅದೇ ಎನ್ನುತ್ತಾರೆ. ನೆತ್ತಿ ಸುಡುವ ಬಿಸಿಲಲ್ಲಿ ಉಳಿಯ ಸದ್ದೊಂದೇ ಕೇಳುತ್ತಿತ್ತು. ತಡೆಯಲು ಕಾರಕೂನನಿಗೂ ಧೈರ್ಯ ಬರಲಿಲ್ಲ. ಶಾಪದ ಸಾಲೊಂದನ್ನು ಬಿಟ್ಟು ಕಲ್ಲು ಪೂರ್ತಿ ಬೋಳಾಯಿತು. "ಮುಗೀತೇನೋ ತಮ್ಮಾ?" ಎಂದಳು ಬೊಮ್ಮಕ್ಕ. ಸಿಂಗೋಜ ಬಾಯಿ ತೆರೆದ. ತುಟಿ ಆಡಿತು, ಕೊರಳ ನರ ಉಬ್ಬಿತು, ದನಿ ಹೊರಡಲಿಲ್ಲ. ಹೆದರಿಕೆಯೇ ಗಂಟಲು ಕಟ್ಟಿತು ಎನ್ನುವವರೂ ಇದ್ದಾರೆ. ಅವರ ಜೊತೆ ವಾದ ಮಾಡಿ ಏನು ಪ್ರಯೋಜನ? ಗೌಡನಂತೂ ಆ ತೆರೆದ ಬಾಯಿಯನ್ನು ಕಣ್ಣಾರೆ ಕಂಡ. ಮೊದಲ ಬರಹ ಹೆರೆಸಿದವನು ತಾನೇ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಬೆತ್ತ ಎಸೆದು ಓಡಿಹೋಗಿ ಕೆಳಗೇರಿಯ ಕಾಲುವೆಗೆ ತೂಬನ್ನು ತಾನೇ ಎತ್ತಿದ. ಕಾರಕೂನ ಊಟಕ್ಕೂ ನಿಲ್ಲದೆ ಕುದುರೆ ಏರಿದ. ಸಿಂಗೋಜ ಇನ್ನೂ ಇಪ್ಪತ್ತು ವರ್ಷ ಬದುಕಿದ, ಮೂಗೋಜ ಎಂಬ ಹೆಸರಿನಿಂದ.

ಇಂದಿಗೂ ಮೊದಲ ನೀರು ಕೆಳಗೇರಿಗೇ. ತೂಬು ಎತ್ತುವ ದಿನ ಹೋದರೆ, ಬೊಮ್ಮಕ್ಕನ ವಂಶದ ಮುದುಕಿಯೊಬ್ಬಳು ಬೋಳುಕಲ್ಲಿನ ಮೇಲೆ ಬೆರಳಾಡಿಸುತ್ತ ಇಲ್ಲದ ಸಾಲುಗಳನ್ನು ಓದುವುದನ್ನು ನೀವೂ ನೋಡಬಹುದು. ಬುಡದ ಸಾಲು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮೇಲಿನ ಮಾತುಗಳಲ್ಲೂ ಕೆಲವು ಅವಳಿಗೆ ಮರೆತಿವೆ. ಅಲ್ಲಿ ದನಿ ನಿಲ್ಲುತ್ತದೆ, ಬೆರಳು ಮಾತ್ರ ಮುಂದೆ ಸರಿಯುತ್ತದೆ. ಕೇಳಿ ತಿದ್ದಿಕೊಳ್ಳಲು ಬೇರೆ ಯಾರೂ ಇಲ್ಲ. ಹೋದ ವರ್ಷ ಅಂಥ ಕಡೆ ಮೂರಿದ್ದವು, ಈ ವರ್ಷ ಐದು.