ಇಪ್ಪತ್ತಮೂರನೆಯ ಸಾಲಿನ ಓರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಗುರು-ಶಿಷ್ಯರ ಕಥೆಯನ್ನು ನಾಲ್ಕೇ ಮಾತಿನಲ್ಲಿ ಮುಗಿಸಬೇಕು ಎನ್ನುತ್ತಾರೆ. ನನಗೆ ಅದು ಬರುವುದಿಲ್ಲ. ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ಓದುವವರಿಗೆ ತಿಳಿಯದೇ ಹೋದೀತು ಎಂಬ ಅಳುಕು. ಕಥೆ ಮಾತ್ರ ಚೆನ್ನಾಗಿದೆ. ಕೆಟ್ಟಿದ್ದರೆ ಅದು ನಾನು ಹೇಳಿದ್ದರಿಂದ.

ಒಂದು ಹೊಳೆಯ ದಡದಲ್ಲಿ ಪಶುಪತಯ್ಯ ಎಂಬ ಗುರುಗಳಿದ್ದರು. ಅವರದು ಆಶ್ರಮವಲ್ಲ, ಆದರೆ ಆಶ್ರಮದಂತೆಯೇ ಇತ್ತು. ಎರಡು ಕೋಣೆ, ಒಂದು ಬೇವಿನ ಮರ, ಅಂಗಳದಲ್ಲಿ ಆಕಾಶಕ್ಕೆ ಬಾಯಿ ತೆರೆದು ಕೂತ ದೊಡ್ಡದೊಂದು ಕಬ್ಬಿಣದ ಬೋಗುಣಿ.

ಬೋಗುಣಿ ಎನ್ನುತ್ತಿದ್ದವರು ಹೊಳೆಯ ಅಂಬಿಗರು. ನಿಜವಾಗಿ ಅದು ರೇಡಿಯೋ ದೂರದರ್ಶಕ. ಕಣ್ಣಿಟ್ಟು ನೋಡುವ ದೂರದರ್ಶಕಕ್ಕೆ ಕತ್ತಲೆ ಬೇಕು, ಇದಕ್ಕೆ ಬೇಡ. ಇದು ನೋಡುವುದಿಲ್ಲ, ಕೇಳುತ್ತದೆ. ಹಾಡುಹಗಲಲ್ಲೂ ಕೇಳುತ್ತದೆ.

ಏನನ್ನು ಕೇಳುತ್ತದೆ? ಗೆಲಾಕ್ಸಿಗಳನ್ನು. ಗೆಲಾಕ್ಸಿ ಎಂದರೆ ಕೋಟಿ ಕೋಟಿ ನಕ್ಷತ್ರಗಳ ಒಂದು ಸಂಸಾರ. ಅವುಗಳಲ್ಲಿ ಕೆಲವು ಸುರುಳಿಯಾಗಿ, ಊಟದ ತಟ್ಟೆಯಂತೆ ಚಪ್ಪಟೆಯಾಗಿ ಇರುತ್ತವೆ. ಸದಾ ಸುತ್ತುತ್ತಿರುತ್ತವೆ.

ನೀಲಗಂಗಾ ಗುರುಗಳ ಶಿಷ್ಯೆ. ಇಪ್ಪತ್ತಮೂರು ಸುರುಳಿ ಗೆಲಾಕ್ಸಿಗಳು ಎಷ್ಟು ದೂರದಲ್ಲಿವೆ ಎಂದು ಕಂಡುಹಿಡಿಯುವುದು ಅವಳ ಆರು ವರ್ಷದ ಕೆಲಸ. ಈ ಕಥೆ ನಡೆದ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅವಳ ಪ್ರಬಂಧಕ್ಕೆ ಗುರುಗಳ ಸಹಿ ಬಿದ್ದು, ಅದು ಆಚೆ ದಡದ ಅಂಚೆ ಕಚೇರಿಗೆ ಹೋಗಬೇಕಿತ್ತು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಅಷ್ಟು ದೂರವನ್ನು ಅಳೆಯುವುದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ದೂರದಲ್ಲೊಂದು ದೀಪ ಮಂಕಾಗಿ ಕಂಡರೆ, ಅದು ಹತ್ತಿರದ ಹಣತೆಯೋ ದೂರದ ಪೆಟ್ರೋಮ್ಯಾಕ್ಸೋ ಗೊತ್ತಾಗುವುದಿಲ್ಲ. ಆದರೆ ಸುರುಳಿ ಗೆಲಾಕ್ಸಿ ಒಂದು ಗುಟ್ಟು ಬಿಟ್ಟುಕೊಡುತ್ತದೆ. ಅದು ಎಷ್ಟು ವೇಗವಾಗಿ ಸುತ್ತುತ್ತದೋ ಅಷ್ಟು ದೊಡ್ಡ ದೀಪ. ವೇಗ ತಿಳಿದರೆ ದೀಪ ಎಂಥದೆಂದು ತಿಳಿಯಿತು. ದೀಪ ಎಂಥದೆಂದು ತಿಳಿದರೆ, ಎಷ್ಟು ಮಂಕಾಗಿದೆ ಎಂಬುದರಿಂದ ದೂರ ತಿಳಿಯಿತು.

ವೇಗ ತಿಳಿಯುವುದು ಹೇಗೆ? ಬಸ್ಸು ಹಾರನ್ ಹೊಡೆಯುತ್ತ ನಮ್ಮತ್ತ ಬರುವಾಗ ದನಿ ಏರುತ್ತದೆ, ದಾಟಿ ಹೋದಾಗ ಇಳಿಯುತ್ತದಲ್ಲ, ಹಾಗೆ. ಸುತ್ತುವ ಗೆಲಾಕ್ಸಿಯ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ದೂರ ಹೋಗುತ್ತಿರುತ್ತದೆ. ಬೋಗುಣಿಗೆ ತಿಳಿಯುವುದು ಅಷ್ಟೇ: ಬರುವುದು, ಹೋಗುವುದು.

ಇಷ್ಟು ಸಾಕು. ಇಲ್ಲ, ಇನ್ನೊಂದಿದೆ. ಓರೆ. ತಟ್ಟೆ ನಮಗೆ ಎಷ್ಟು ವಾಲಿಕೊಂಡು ಕಾಣುತ್ತದೆ ಎಂಬುದು. ಅದನ್ನು ಚಿತ್ರದಿಂದ ಅಳೆಯುತ್ತಾರೆ. ತಟ್ಟೆ ತೆಳ್ಳಗೆ ಕಂಡಷ್ಟೂ ಓರೆ ಹೆಚ್ಚು. ಓರೆ ತಪ್ಪಿದರೆ ವೇಗ ತಪ್ಪು, ವೇಗ ತಪ್ಪಿದರೆ ದೂರ ತಪ್ಪು. ಕಥೆ ಇರುವುದೇ ಇದರಲ್ಲಿ.

ಬೆಳಿಗ್ಗೆ ಹನ್ನೊಂದಕ್ಕೆ ನೀಲಗಂಗಾ ತನ್ನ ನೋಟ್‌ಬುಕ್ಕನ್ನು ಗುರುಗಳ ಮುಂದಿಟ್ಟು, ಕೈಕಟ್ಟಿ ಎದುರಿಗೆ ನಿಂತಳು. ಪ್ರಬಂಧದಲ್ಲಿ ಕೊನೆಯ ಸಾಲೊಂದನ್ನು ಖಾಲಿ ಬಿಟ್ಟಿದ್ದಳು. ಗುರುಗಳು ನೋಡಿದ ಮೇಲೆ ಕೈಯಲ್ಲಿ ತುಂಬಿಸುವುದೆಂದು.

ಗುರುಗಳು ಇಪ್ಪತ್ತೆರಡು ಸಾಲು ಓದಿದರು. ಇಪ್ಪತ್ತಮೂರನೆಯದರಲ್ಲಿ ನಿಂತರು.

‘ಓರೆ: ಅರವತ್ತು ಡಿಗ್ರಿ. ದೂರ: ನಾಲ್ಕು ಕೋಟಿ ಜ್ಯೋತಿರ್ವರ್ಷ.’

ಅರವತ್ತು ಎಂದು ಬರೆದ ಕಡೆ ಕಾಗದ ತೆಳ್ಳಗಾಗಿತ್ತು. ರಬ್ಬರಿನಿಂದ ಮತ್ತೆ ಮತ್ತೆ ಉಜ್ಜಿದ ಕಾಗದ ಹಾಗೆಯೇ ಆಗುತ್ತದೆ.

“ಇದು ನನ್ನ ಗೆಲಾಕ್ಸಿ ಅಲ್ವೇನಮ್ಮ?”

“ಹೌದು ಸರ್. ಮೂವತ್ತು ವರ್ಷದ ಹಿಂದೆ ನೀವು ಅಳೆದದ್ದು.”

“ನಾನೂ ಅರವತ್ತೇ ಹೇಳಿದ್ದೆ.”

“ಹೌದು ಸರ್.”

“ನಾಲ್ಕು ಕೋಟಿ.”

“ಹೌದು ಸರ್.”

“ಮೂವತ್ತು ವರ್ಷದಲ್ಲಿ ನನ್ನ ಕನ್ನಡಕ ಐದು ಸಲ ಬದಲಾಯ್ತು. ಇದು ಮಾತ್ರ ಬದಲಾಗಲಿಲ್ಲ ನೋಡು.”

ನೀಲಗಂಗಾಳ ಕಣ್ಣು ಆ ತೆಳ್ಳಗಿನ ಕಾಗದದ ಮೇಲೆಯೇ ಇತ್ತು.

ಅವಳಿಗೆ ಸಿಕ್ಕಿದ್ದು ನಲವತ್ತೈದು. ಎಂಟು ಸಲ ಅಳೆದಿದ್ದಳು. ಎಂಟು ಸಲವೂ ನಲವತ್ತೈದು. ಹಾಗಾದರೆ ವೇಗ ಹೆಚ್ಚು, ದೀಪ ದೊಡ್ಡದು, ದೂರ ಆರು ಕೋಟಿ. ಹಾಗಾದರೆ ಗುರುಗಳು ತಪ್ಪು.

ಗುರುಗಳ ಹೆಸರು ನಿಂತಿದ್ದೇ ಆ ಗೆಲಾಕ್ಸಿಯ ಮೇಲೆ. ಅದರ ಜೊತೆಯ ಗೆಲಾಕ್ಸಿಗಳ ಹಿಂಡೆಲ್ಲ ಆರು ಕೋಟಿಯಲ್ಲಿರುವಾಗ ಇದೊಂದು ಮಾತ್ರ ಹಿಂಡು ಬಿಟ್ಟು ಎರಡು ಕೋಟಿ ಈಚೆಗೆ ಬಂದದ್ದೇಕೆ ಎಂದು ಅವರು ಒಂದು ಪುಸ್ತಕವನ್ನೇ ಬರೆದಿದ್ದರು. ಅಕ್ಷರ ಕಲಿಸಿದವರಿಗೆ ಎದುರು ಹೇಳುವುದು ಹೇಗೆ? ಹಿಂದಿನ ಸಂಜೆ ಅವಳು ನಲವತ್ತೈದನ್ನು ಉಜ್ಜಿ ಅರವತ್ತು ಮಾಡಿದ್ದಳು.

ಗುರುಗಳು ಕೆಂಪು ಪೆನ್ಸಿಲ್ ತೆಗೆದುಕೊಂಡರು. ಅರವತ್ತನ್ನು ಮುಟ್ಟಲಿಲ್ಲ. ‘ಓರೆ’ ಎಂಬಲ್ಲಿ ‘ಓ’ ಅಕ್ಷರದ ತಲೆಯ ಮೇಲಿನ ಸುರುಳಿಯನ್ನು ಮಾತ್ರ ಹೊಡೆದುಹಾಕಿದರು. ಅದು ‘ಒರೆ’ ಆಯಿತು.

“ನಾನು ಬರೆದದ್ದು ಸರಿಯಿದೆಯಲ್ಲ ಸರ್? ಓರೆ ಅಂದರೆ ವಾಲಿರುವುದು.”

“ಅದು ನನಗೂ ಗೊತ್ತು. ನಡಿ, ಹೊಳೆಗೆ ಹೋಗೋಣ. ನೋಟ್‌ಬುಕ್ಕು, ಪ್ರಬಂಧ ಎರಡೂ ತಗೋ.”

“ಸಹಿ, ಸರ್?”

“ಪೆನ್ನು ಜೇಬಲ್ಲೇ ಇದೆ.”

ಸೇತುವೆಯ ಕೆಳಗಿನ ಮಡುವಿನಲ್ಲಿ, ನೀರು ನಿಂತಂತೆ ಇರುವ ಕಡೆ, ಅಂಬಿಗ ದುರುಗಪ್ಪ ತನ್ನ ಹರಿಗೋಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಹರಿಗೋಲು ನೋಡದವರಿಗೆ ಹೇಳುತ್ತೇನೆ: ಬಿದಿರು ಹೆಣೆದು, ತಳಕ್ಕೆ ಡಾಂಬರು ಬಳಿದ, ದುಂಡನೆಯ ಬುಟ್ಟಿಯಂಥ ದೋಣಿ. ಅದಕ್ಕೆ ಹಿಂದು ಮುಂದು ಇಲ್ಲ. ಹುಟ್ಟು ಹಾಕುವುದು ತಪ್ಪಿದರೆ ನಿಂತಲ್ಲೇ ಗಿರಗಿರ ಸುತ್ತುತ್ತದೆ.

“ದುರುಗಪ್ಪ, ಹರಿಗೋಲನ್ನ ಇಲ್ಲೇ ನಿಂತಲ್ಲೇ ಸುತ್ತಿಸಯ್ಯ.”

“ಪ್ಯಾಟಿ ಮಂದಿಗೆ ಸುತ್ತಸ್ತೀನ್ರಿ. ಅವ್ರು ಕಿರಚ್ತಾರ, ಫೋಟೋ ತಕ್ಕಂತಾರ. ಎಪ್ಪತ್ತು ದಾಟಿದ ನಿಮಗ್ಯಾಕ್ರಿ ಗುರುಗಳ? ಹೊಟ್ಟ್ಯಾಗಿನ ಉಪ್ಪಿಟ್ಟು ಹೊರಗ ಬಂದ್ರ ನನ್ನ ಹರಿಗೋಲು ತೊಳಿಯೋರ್ಯಾರು?”

“ನಾನೇ ತೊಳೀತೀನಿ.”

ಗುರುಗಳು ಪಂಚೆ ಎತ್ತಿ ಕಟ್ಟಿ, ಹರಿಗೋಲಿನ ಅಂಚಿಗೆ ಒರಗಿ ಕೂತರು. ನೀಲಗಂಗಾಳತ್ತ ತಿರುಗಿದರು.

“ನೀನು ಸೇತುವೆ ಮೇಲೆ ನಿಲ್ಲು. ನೀನೀಗ ಬೋಗುಣಿ. ನಾನು ನಿನ್ನ ಹತ್ತಿರ ಬಂದೆನೋ, ದೂರ ಹೋದೆನೋ, ಅಷ್ಟೇ ಹೇಳು. ಬೇರೇನೂ ಹೇಳಕೂಡದು.”

ಅವಳು ದಡದ ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದಳು. ನೆಟ್ಟಗೆ ಕೆಳಗೆ ಹರಿಗೋಲು ಸುತ್ತುತ್ತಿತ್ತು. ಬಿದಿರಿನ ಹೆಣಿಗೆ, ದುಂಡನೆಯ ಅಂಚು, ಅಂಚಿನಲ್ಲಿ ಗುರುಗಳ ಬಿಳಿ ತಲೆ. ನೋಡಲು ಬಹಳ ಚೆಂದವಿತ್ತು.

“ಹತ್ತಿರ ಬಂದೆನಾ?”

“ಇಲ್ಲ ಸರ್.”

“ದೂರ ಹೋದೆನಾ?”

“ಇಲ್ಲ ಸರ್. ಇದ್ದಷ್ಟೇ ದೂರ.”

“ಹಾಗಾದ್ರೆ ನಾನು ಸುತ್ತುತ್ತಾನೇ ಇಲ್ಲ!”

“ಸುತ್ತಾಕತ್ತೀರಿ ಗುರುಗಳ,” ದುರುಗಪ್ಪ ಕೂಗಿದ, “ನನ್ನ ರಟ್ಟಿ ಬಿದ್ದು ಹೋಗಾಕತ್ತೈತಿ!”

“ಈಗ ದಡಕ್ಕೆ ಬಾರಮ್ಮ. ನೀರಿನ ಮಟ್ಟಕ್ಕೆ ಕೂತು ನೋಡು.”

ಅವಳು ಇಳಿದು ಬಂದು ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಈಗ ಹರಿಗೋಲು ದುಂಡಗಿರಲಿಲ್ಲ. ನೀರಿನ ಮೇಲೊಂದು ಕಪ್ಪು ಗೆರೆ, ಅಷ್ಟೇ. ಚೆಂದವೆಲ್ಲ ಹೋಗಿತ್ತು. ಆದರೆ ಗುರುಗಳ ಬಿಳಿ ತಲೆ ಅವಳತ್ತ ಬಂತು, ದಾಟಿತು, ದೂರ ಹೋಯಿತು. ಮತ್ತೆ ಬಂತು.

“ಬಂದಿರಿ! ಹೋದಿರಿ! ಬಂದಿರಿ ಸರ್!” ಅವಳಿಗೆ ಭಯದ ನಡುವೆಯೂ ನಗು ಬಂತು.

“ಸಾಕು ದುರುಗಪ್ಪ, ಸಾಕು. ಉಪ್ಪಿಟ್ಟು ಬಾಗಿಲು ತಟ್ಟುತ್ತಿದೆ.”

ಹರಿಗೋಲು ದಡ ಮುಟ್ಟಿತು. ಗುರುಗಳು ಒಂದು ಬಂಡೆಯ ಮೇಲೆ ಕೂತು, ಲೋಕ ಸುತ್ತುವುದು ನಿಲ್ಲುವವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣು ತೆರೆಯದೆಯೇ ಕೇಳಿದರು.

“ಸೇತುವೆಯಿಂದ ನನ್ನ ವೇಗ ಎಷ್ಟು?”

“ಸೊನ್ನೆ.”

“ದಡದಿಂದ?”

“ಇದ್ದಷ್ಟೂ.”

“ನಡುವೆ ಎಲ್ಲೋ, ಮೆಟ್ಟಿಲ ಮೇಲೆ ನಿಂತಿದ್ದರೆ?”

“ಇದ್ದದ್ದಕ್ಕಿಂತ ಕಡಿಮೆ ಕಾಣುತ್ತೆ. ಎಷ್ಟು ಕಡಿಮೆ ಅಂತ ಹೇಳೋಕೆ…” ಅವಳ ದನಿ ಸಣ್ಣದಾಯಿತು. “ನಾನು ಯಾವ ಮೆಟ್ಟಿಲ ಮೇಲೆ ನಿಂತಿದ್ದೆ ಅಂತ ಸರಿಯಾಗಿ ಹೇಳಬೇಕು.”

ಗುರುಗಳು ಕಣ್ಣು ತೆರೆದರು.

“ಎಲ್ಲಿ ನಿಂತಿದ್ದೆ ನೀಲಾ?”

ಅವಳು ಹೊಳೆ ನೋಡಿದಳು. ಕೈಯಲ್ಲಿದ್ದ ಪ್ರಬಂಧವನ್ನು ನೋಡಿದಳು. ಹನ್ನೆರಡೂವರೆ ಆಗಿತ್ತು. ಅರವತ್ತು ಎಂದರೆ ಈಗಲೇ ಸಹಿ ಬೀಳಬಹುದಿತ್ತು.

“ನಲವತ್ತೈದರಲ್ಲಿ, ಸರ್.”

“ಮತ್ತೆ ಅರವತ್ತು?”

“ಅದು ನೀವು ನಿಂತಿದ್ದ ಜಾಗ. ನಾನು ಅಲ್ಲಿಗೆ ಹೋಗಿ ನಿಂತುಬಿಟ್ಟೆ.”

ಇನ್ನು ಬೈಗುಳ, ಇನ್ನು ಸಹಿ ಇಲ್ಲ, ಇನ್ನು ಈ ದಡವೂ ಇಲ್ಲ ಎಂದು ಅವಳು ತಲೆ ತಗ್ಗಿಸಿ ಕಾದಳು.

“ದೂರ ಎಷ್ಟು ಬಂತು?”

“ಆರು ಕೋಟಿ.”

“ಆರು?” ಗುರುಗಳು ಎದ್ದೇ ಬಿಟ್ಟರು. ತಲೆ ಇನ್ನೂ ಸುತ್ತುತ್ತಿದ್ದುದರಿಂದ ದುರುಗಪ್ಪ ಅವರ ತೋಳು ಹಿಡಿದುಕೊಂಡ. “ನಾನು ಅರವತ್ತು ಅಂದದ್ದು ಹೇಗೆ ಹಾಗಾದ್ರೆ?”

“ನಿಮ್ಮ ಹಳೆಯ ಚಿತ್ರದಲ್ಲಿ ಹೊರಗಿನ ಮಸುಕು ತೋಳುಗಳು ಮೂಡಿಯೇ ಇಲ್ಲ ಸರ್. ನಡುವಿನ ತೆಳ್ಳಗಿನ ಪಟ್ಟಿ ಮಾತ್ರ ಮೂಡಿದೆ. ಅದಕ್ಕೇ ತಟ್ಟೆ ಹೆಚ್ಚು ಓರೆಯಾಗಿ ಕಂಡಿದೆ. ಹೊಸ ಚಿತ್ರದಲ್ಲಿ ಪೂರ್ತಿ ಕಾಣುತ್ತೆ.”

ಗುರುಗಳು ಮತ್ತೆ ಬಂಡೆಯ ಮೇಲೆ ಕೂತರು. ಮೂವತ್ತು ವರ್ಷ ಕಟ್ಟಿಟ್ಟುಕೊಂಡಂತಿದ್ದ ಒಂದು ಉಸಿರು ಹೊರಗೆ ಬಂತು.

“ಅಬ್ಬಾ! ಅದೊಂದು ಮನೆ ಬಿಟ್ಟು ಹೋಗಿದೆ ಅಂತ ತಿಳಿದಿದ್ದೆ ಕಣಮ್ಮ. ಯಾಕೆ ಹೋಯ್ತು, ಯಾರು ಏನಂದ್ರು ಅಂತ ಒಂದು ಪುಸ್ತಕ ಬರೆದೆ. ಒಂದು ದಿನವೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಅದು ಮನೇಲೇ ಇತ್ತು!”

ಅವರು ನಗತೊಡಗಿದರು. ಎಷ್ಟು ನಕ್ಕರೆಂದರೆ ನೀಲಗಂಗಾಳ ಕಣ್ಣೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಗುವಿಗೇ ಸೇರಿಕೊಂಡಿತು.

“ಯಾರ್ರೀ ಮನಿ ಬಿಟ್ಟು ಹೋಗಿದ್ದು?” ದುರುಗಪ್ಪ ಕೇಳಿದ.

“ಯಾರೂ ಇಲ್ಲ ಕಣಯ್ಯ. ಎಲ್ಲರೂ ಮನೇಲೇ ಇದ್ದಾರೆ.”

“ಮತ್ತ ಛಲೋ ಆತಲ್ರೀ.”

ನೀಲಗಂಗಾ ಪ್ರಬಂಧ ಬಿಚ್ಚಿ, ಖಾಲಿ ಸಾಲಿನಲ್ಲಿ ನಲವತ್ತೈದು ಎಂದು ಬರೆದಳು. ಆರು ಕೋಟಿ ಎಂದು ಬರೆದಳು. ನೋಟ್‌ಬುಕ್ಕನ್ನೂ ತಿದ್ದಲು ತೆರೆದಾಗ ಆ ಕೆಂಪು ಗೆರೆ ಕಣ್ಣಿಗೆ ಬಿತ್ತು. ‘ಒರೆ.’ ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳುತ್ತೇನೆ: ಅಕ್ಕಸಾಲಿಗ ಚಿನ್ನವನ್ನು ಉಜ್ಜಿ ನೋಡುವುದು ಒರೆಗಲ್ಲಿನ ಮೇಲೆ. ಅದು ಯಾರ ಮನೆಯ ಚಿನ್ನವೆಂದು ಆ ಕಲ್ಲು ಕೇಳುವುದಿಲ್ಲ.

ಗುರುಗಳು ಮೊಣಕಾಲ ಮೇಲೆ ಪ್ರಬಂಧ ಇಟ್ಟುಕೊಂಡು ಸಹಿ ಹಾಕಿದರು. ತಲೆಸುತ್ತು ಪೂರ್ತಿ ಇಳಿದಿರಲಿಲ್ಲವಾದ್ದರಿಂದ ಸಹಿ ಸ್ವಲ್ಪ ವಾಲಿತು.

“ದುರುಗಪ್ಪ, ಇವಳನ್ನ ಆಚೆ ದಡಕ್ಕೆ ಬಿಡು. ಸುತ್ತಿಸಬೇಡ, ನೆಟ್ಟಗೆ ಹೋಗು.”

ಹರಿಗೋಲು ಹತ್ತಿ ಕೂತ ಮೇಲೆ ನೀಲಗಂಗಾಳಿಗೆ ಒಂದು ಮಾತು ಉಳಿದುಹೋಗಿತ್ತು. ಈಗ ಅವಳಿಗೆ ಕೇಳುವ ಧೈರ್ಯ ಬಂದಿತ್ತು.

“ಸರ್, ಆ ಕಾಗದ ನೋಡಿದಾಗಲೇ ನಿಮಗೆ ತಿಳಿದಿತ್ತು. ಅಲ್ಲೇ ಕೋಣೆಯಲ್ಲೇ ಒಂದು ಮಾತು ಕೇಳಬಹುದಿತ್ತಲ್ಲ? ಈ ವಯಸ್ಸಿನಲ್ಲಿ ಇಷ್ಟು ಸುತ್ತಬೇಕಿತ್ತಾ?”

ಗುರುಗಳು ಹರಿಗೋಲನ್ನು ಕಾಲಿನಿಂದ ಮೆಲ್ಲಗೆ ನೀರಿಗೆ ದೂಡಿದರು.

“ಕೋಣೆಯಲ್ಲಿ ನೀನು ನನ್ನ ಎದುರಿಗೆ ನಿಂತಿರ್ತೀಯಲ್ಲಮ್ಮ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎದುರಿಗೆ ನಿಂತವರಿಗೆ, ಅಂದರೆ ಸೇತುವೆಯ ಮೇಲಿಂದ ನೋಡಿದ ಹಾಗೆ, ತಟ್ಟೆ ಪೂರ್ತಿ ಕಾಣುತ್ತದೆ, ಚೆಂದವೂ ಕಾಣುತ್ತದೆ, ಆದರೆ ಅದರ ವೇಗ… ಒಳಗಿನಿಂದ ನನ್ನನ್ನು ಕರೆಯುತ್ತಿದ್ದಾರೆ. ಬಂದೆ, ಬಂದೆ, ಇದೊಂದು ಸಾಲು ಮುಗಿಸಿ…