ಬೆಣ್ಣೆಯಮ್ಮಣ್ಣಿಯ ಬಟ್ಟಲು ಬರಿದಾದದ್ದು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಂಪಕಾವತಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ! ತಪ್ಪಿದವನಿಗೆ ಹುಣ್ಣಿಮೆಯ ದಿನ ತಲೆದಂಡ!"

ಹೊಂಬಾಳೆಪುರದಲ್ಲಿ ಹೀಗೆ ಡಂಗುರ ಹೊಡೆದಾಗ, ಹಗ್ಗ ಹೊಸೆಯುವ ಬೊಮ್ಮಣ್ಣನ ಕೈ ನಿಂತುಹೋಯಿತು. ಮದುವೆಯ ಆಸೆಗಲ್ಲ. ಅವನ ಅಕ್ಕ ಸಾಕಮ್ಮ ಅರಮನೆಯ ಸೆರೆಯಲ್ಲಿದ್ದಳು.

ಆದದ್ದಿಷ್ಟು. ರಾಜಕುಮಾರಿಯ ಬೆಕ್ಕು ಬೆಣ್ಣೆಯಮ್ಮಣ್ಣಿಗೆ ಗುಂಡಿಗೆಯ ಕಾಯಿಲೆ. ಎದೆಗೆ ಕಿವಿಯಿಟ್ಟರೆ ಢವಢವದ ನಡುವೆ ಸುಯ್ ಎಂಬ ಸದ್ದು. ರಾಜವೈದ್ಯರು ಮದ್ದು ಕೊಟ್ಟರು, ಮಲಗಿದಾಗ ಉಸಿರು ಎಣಿಸಲು ಹೇಳಿದರು. ಉಸಿರೇನೋ ಹದಕ್ಕೆ ಬಂತು, ಆದರೆ ಬೆಕ್ಕು ಸೊರಗುತ್ತಲೇ ಹೋಯಿತು. ಬಟ್ಟಲು ಮಾತ್ರ ದಿನವೂ ಖಾಲಿ! ಯಾರೋ ವಿಷ ಹಾಕುತ್ತಿದ್ದಾರೆಂದು ರಾಜಕುಮಾರಿಗೆ ಗುಮಾನಿ ಹತ್ತಿತು. ಮೊದಲು ಸಿಕ್ಕಿಬಿದ್ದವಳು ಬೆಕ್ಕಿಗೆ ಉಣಿಸುತ್ತಿದ್ದ ಸಾಕಮ್ಮ. ನಿಜವಾದ ಕಳ್ಳ ಸಿಗದಿದ್ದರೆ ಅವಳ ತಲೆಯೇ ಹೋಗುವುದಿತ್ತು.

ಬೊಮ್ಮಣ್ಣ ಸಭೆಗೆ ಹೋದಾಗ ಇಬ್ಬರು ರಾಜಕುಮಾರರು ಆಗಲೇ ಬಂದಿದ್ದರು.

"ಬಡಿಯುತ್ತದೆ, ಯಾರಿಗೂ ನೋವಾಗದು. ನಡೆಯುತ್ತದೆ, ಮನೆ ಬಿಟ್ಟು ಹೋಗದು. ನಿಂತರೆ ಮನೆಮಂದಿಯೆಲ್ಲ ಅಳುತ್ತಾರೆ. ಏನದು?" ಎಂದಳು ಚಂಪಕಾವತಿ.

"ನಗಾರಿ!" ಎಂದ ಮೊದಲನೆಯವನು, ಮೀಸೆ ತಿರುವುತ್ತ.

"ನಗಾರಿ ನಿಂತರೆ ಅಳುತ್ತಾರೆಯೇ? ಉಸ್ಸಪ್ಪಾ ಅನ್ನುತ್ತಾರೆ. ಎಳೆದೊಯ್ಯಿರಿ!"

ಎರಡನೆಯವನು ಜಾಣ. "ಗುಂಡಿಗೆ" ಎಂದ. "ಬಂದವನು ಕೂರುವುದಿಲ್ಲ, ಹೋದವನು ತಿರುಗಿ ಬಾರದಿದ್ದರೆ ಮನೆಯೇ ಉಳಿಯದು" ಎಂಬ ಎರಡನೆಯ ಒಗಟಿಗೆ "ಉಸಿರು" ಎಂದ. ಮೂರನೆಯದು ಬಂತು:

"ಬಟ್ಟಲು ತುಂಬಿ ಹೊರಡುತ್ತದೆ, ಬರಿದಾಗಿ ಮರಳುತ್ತದೆ. ಉಣ್ಣುವವಳು ಸವೆಯುತ್ತಾಳೆ. ಕಾವಲು ಹೆಚ್ಚಿದಷ್ಟೂ ಕಳವು ಹೆಚ್ಚು. ಕಳ್ಳನಾರು?"

"ಸಾಕಮ್ಮ!"

"ಅವಳು ಸೆರೆಗೆ ಹೋದ ಮೇಲೂ ಬೆಕ್ಕು ಸವೆಯುತ್ತಿದೆಯಲ್ಲ? ಅವಳ ಹಿಂದಿರುವವನು ಯಾರು? ಗೊತ್ತಿಲ್ಲ ತಾನೆ? ಎಳೆದೊಯ್ಯಿರಿ!"

ಬೊಮ್ಮಣ್ಣ ಮುಂದೆ ಬಂದ. ಮೊದಲೆರಡಕ್ಕೆ ಅವನೂ ಅದೇ ಉತ್ತರ ಕೊಟ್ಟ.

"ಅವನು ಹೇಳಿದ್ದನ್ನೇ ಒಪ್ಪಿಸುತ್ತೀಯಾ?"

"ಸರಿಯಾದ್ದು ಬದಲಾಗ್ತದಾ ತಾಯಿ? ಮೂರನೇದಕ್ಕೆ ಮೊದಲು ಅಮ್ಮಣ್ಣಿ ಊಟ ಆಗಲಿ. ಹೊತ್ತಾಯ್ತು."

ಯಾರನ್ನೂ ನಂಬದ ರಾಜಕುಮಾರಿ ಬೆಕ್ಕನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮೀನು ಕಲಸಿದ ಅನ್ನ ತರಲು ಕಣ್ಸನ್ನೆ ಮಾಡಿದಳು. ಬೊಮ್ಮಣ್ಣ ಬಾಗಿಲಾಚೆ ಇಣುಕಿ ನೋಡಿದ: ಅಡುಗೆಯವನು ಒಂದು ತುತ್ತು ತಿಂದು ತೋರಿಸಿದ. ಅವನನ್ನು ನಂಬಲಾದೀತೇ? ಪಾರುಪತ್ತೇಗಾರ ಒಂದು ತುತ್ತು ತಿಂದ. ಅವನು ಅಡುಗೆಯವನ ಷಡ್ಡಕನಂತೆ. ಆದ್ದರಿಂದ ದಳವಾಯಿ ಒಂದು ತುತ್ತು. ದಳವಾಯಿಗೆ ಪಕ್ಕದ ರಾಜ್ಯದಲ್ಲಿ ನೆಂಟರು, ಆದ್ದರಿಂದ ರಾಜವೈದ್ಯರು. ಅವರದೋ ದೊಡ್ಡ ಬಾಯಿ! ಬಟ್ಟಲು ಬೆಕ್ಕಿನ ಮುಂದೆ ಬಂದಾಗ ತಳಕ್ಕಂಟಿದ ನಾಲ್ಕು ಅಗುಳು.

ಬೊಮ್ಮಣ್ಣ ಬಟ್ಟಲಿನ ತಳ ನೋಡಿದ. ಉತ್ತರ ಸಿಕ್ಕಿತ್ತು, ಹೇಳಿದರೆ ಕುತ್ತಿಗೆ ಹೋಗುವಂಥ ಉತ್ತರ. ಹೇಳದಿದ್ದರೆ ಅಕ್ಕ ಹೋಗುತ್ತಾಳೆ.

"ಕಳ್ಳ ನಿಮ್ಮ ಅನುಮಾನ, ತಾಯಿ."

ರಾಜಕುಮಾರಿ ಬೆಕ್ಕನ್ನು ಎದೆಗವಚಿಕೊಂಡಳು.

"ಅಮ್ಮಣ್ಣಿ ಸೊರಗಿದಾಗೆಲ್ಲ ರುಚಿ ನೋಡೋರನ್ನ ಹೆಚ್ಚಿಸಿದ್ರಿ. ಅವರು ಹೆಚ್ಚಿದಾಗೆಲ್ಲ ಅಮ್ಮಣ್ಣಿ ಇನ್ನಷ್ಟು ಸೊರಗಿದಳು. ಬಾಗಿಲಾಚೆ ನಡೆಯೋದು ನಿಮಗೆ ಕಾಣಲಿಲ್ಲ. ಬಂದಷ್ಟನ್ನೇ ಉಣಿಸಿದೆ ಅಂತ ಅಕ್ಕ ಹೇಳಿದ್ದನ್ನ ಯಾರೂ ನಂಬಲಿಲ್ಲ."

"ನೀನು ಅವಳ ತಮ್ಮನೋ! ಇದರಲ್ಲೂ ಏನೋ ಹೂಟವಿದೆ" ಎಂದಳು ರಾಜಕುಮಾರಿ. ಆದರೂ ಇನ್ನೊಂದು ಬಟ್ಟಲು ತರಿಸಿ, ಯಾರಿಗೂ ಮುಟ್ಟಗೊಡದೆ, ತಾನೇ ಇಟ್ಟಳು. ಬೆಣ್ಣೆಯಮ್ಮಣ್ಣಿ ತಲೆಯೆತ್ತದೆ ತಿಂದಿತು. ಬಟ್ಟಲು ನೆಕ್ಕಿತು. ಆಮೇಲೆ ರಾಜಕುಮಾರಿಯ ಬೆರಳನ್ನೂ ನೆಕ್ಕಿತು. ಅವಳ ಕಣ್ಣು ತುಂಬಿ ಬಂತು.

ಗುಂಡಿಗೆಯ ಕಾಯಿಲೆ ವಾಸಿಯಾಯಿತೆಂದು ನಾನು ಸುಳ್ಳು ಹೇಳಲಾರೆ. ಮದ್ದು, ಉಸಿರೆಣಿಕೆ ಕೊನೆತನಕ ನಡೆದವು. ಆದರೆ ಬೆಕ್ಕಿನ ಮೈ ತುಂಬಿತು. ರಾಜಕುಮಾರರ ತಲೆಗಳೂ ಉಳಿದವು.

ಅಂದೇ ಸಾಕಮ್ಮನನ್ನು ಸೆರೆಯಿಂದ ಬಿಡಿಸಿ ಸಭೆಗೆ ಕರೆತಂದಾಗ ಚಂಪಕಾವತಿ ಕೇಳಿದಳು: "ಬೊಮ್ಮಣ್ಣ, ಮದುವೆಗೆ ಏನನ್ನುತ್ತೀಯಾ?"

"ನಮ್ಮಕ್ಕನ್ನ ಕೇಳಿ ಹೇಳ್ತೀನಿ."

ಸಾಕಮ್ಮ ರಾಜಕುಮಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹುಡುಗಿ ಕೆಟ್ಟವಳಲ್ಲ ಕಣೋ. ಆದ್ರೆ ನನ್ನ ಕಾಲಿಗೆ ಬೀಳಲಿ, ಆಮೇಲೆ ನೋಡೋಣ."

ಚಂಪಕಾವತಿ ಬೆಕ್ಕನ್ನು ಬೊಮ್ಮಣ್ಣನ ಕೈಗೆ ಕೊಟ್ಟು, ಬಗ್ಗಿದಳು.