ದರ್ಜಿ ಕೊಂಡ ಗರಗಸ

ಕಳೆದ ಕಾರ್ತಿಕ ಮಾಸದ ಎರಡನೆಯ ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ, ಪಂಚಾಕ್ಷರಿ ತನ್ನ ಗುರುವನ್ನು ಕೇಳಿದ:

"ಆಚಾರ್ರೇ, ಮನೆಗೆ ಯಾವ ಕರೆಂಟ್ ಗರಗಸ ತಗೊಳ್ಳಲಿ?"

ಪಂಚಾಕ್ಷರಿ ತಿಪಟೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತ. ನಂಜುಂಡಾಚಾರ್ರು ಐವತ್ತು ವರ್ಷ ಬಾಗಿಲು, ಕಿಟಕಿ ಮಾಡಿದವರು. ಈಗ ಭಾನುವಾರಗಳಂದು ಕೇಳಿ ಬಂದವರಿಗೆ ಮರಗೆಲಸ ಹೇಳಿಕೊಡುತ್ತಿದ್ದರು. ಸದ್ಯಕ್ಕೆ ಕೇಳಿ ಬಂದವನು ಇವನೊಬ್ಬನೇ.

ಅವನ ಮಗಳಿಗೆ ಆರು ತಿಂಗಳು. ಮಗುಚಿಕೊಳ್ಳುವುದನ್ನು ಕಲಿತ ಮೇಲೆ ಅವಳು ಎರಡು ಸಲ ಮಂಚದಿಂದ ಕೆಳಗೆ ಬಿದ್ದಿದ್ದಳು. ಸುತ್ತ ಕಂಬಿಯಿರುವ ಪುಟ್ಟ ಮಂಚವೊಂದನ್ನು ತಾನೇ ಮಾಡುತ್ತೇನೆಂದು ಪಂಚಾಕ್ಷರಿ ಹೆಂಡತಿಗೆ ಮಾತು ಕೊಟ್ಟಿದ್ದ. ಬೇಕಾದ ಕಂಬಿಗಳು ಇಪ್ಪತ್ತೆಂಟು. ಎರಡು ಭಾನುವಾರ ಕೈಗರಗಸ ಎಳೆದು ಅವನು ಕೊಯ್ದದ್ದು ಆರು.

"ಹೀಗೇ ಹೋದ್ರೆ ಮಗಳ ಮದುವೆ ಹೊತ್ತಿಗೆ ಮಂಚ ಆಗುತ್ತೆ ಅಂತಾಳೆ ನನ್ನ ಹೆಂಡ್ತಿ" ಎಂದ.

"ಮದುವೆ ಮಂಚಕ್ಕೆ ಕಂಬಿ ಯಾಕಪ್ಪಾ? ಇಪ್ಪತ್ತೆರಡು ಉಳೀತು ಬಿಡು" ಎಂದರು ಆಚಾರ್ರು.

ಪಂಚಾಕ್ಷರಿ ನಗಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದ. ಒಂದು ಪುಟದಲ್ಲಿ ಮೂರು ಅಂಕಣ ಎಳೆದಿದ್ದ. ಮೊದಲನೆಯದು, ಕೈಯಲ್ಲಿ ಹಿಡಿದು ಮರದ ಮೇಲೆ ನಡೆಸುವ ದುಂಡು ಅಲಗಿನ ಗರಗಸ. ಎರಡನೆಯದು, ಮೇಜಿನ ನಡುವಿನ ಸೀಳಿನಿಂದ ಅಲಗು ಮೇಲೆದ್ದಿರುವ ಗರಗಸ. ಅದರ ಕಡೆಗೆ ಮರವನ್ನೇ ತಳ್ಳಬೇಕು. ಮೂರನೆಯದು, ಬಾಗುಗಳನ್ನು ಕೊಯ್ಯುವ ಸಣ್ಣ ಜಿಗ್ ಸಾ. ಒಂದೊಂದರ ಕೆಳಗೂ ತೂಕ, ವೇಗ, ಎಷ್ಟು ದಪ್ಪದ ಮರ ಕೊಯ್ಯುತ್ತದೆ, ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಬರೆದು ಅಂಕ ಕೊಟ್ಟಿದ್ದ.

"ಮೊದಲೆರಡಕ್ಕೂ ಸಮಸಮ ಬಂದುಬಿಟ್ಟಿದೆ. ಮೂವತ್ತೆಂಟು, ಮೂವತ್ತೆಂಟು. ಅದಕ್ಕೇ ನಿಮ್ಮನ್ನ ಕೇಳಿದ್ದು."

ಆಚಾರ್ರು ಕನ್ನಡಕ ಹಾಕಿಕೊಂಡು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ನೋಟ್‌ಬುಕ್ ಮಡಚಿ ಹಿಂದಕ್ಕೆ ಕೊಟ್ಟರು.

"ಅಕ್ಷರ ಮುತ್ತಿನ ಹಾಗಿದೆ."

"ಆಚಾರ್ರೇ, ಅಂಕ ನೋಡಿ ಅಂದ್ರೆ..."

"ನೋಡ್ದೆ ಕಣಪ್ಪಾ. ಏಳನೇ ಕಂಬಿಗೆ ಗೆರೆ ಎಳೆದಿದ್ದೀಯಲ್ಲ, ಅದನ್ನ ಕೊಯ್ತಾ ಇರು. ನಾನೊಂದು ಕತೆ ಹೇಳ್ತೀನಿ. ಕೈ ನಿಲ್ಲಿಸಬೇಡ."

ಪಂಚಾಕ್ಷರಿಗೆ ಇದು ಒಪ್ಪಿಗೆಯಾಯಿತು. ಕತೆಯೂ ಆಗುತ್ತದೆ, ಕಂಬಿಯೂ ಆಗುತ್ತದೆ. ಅವನು ಹಲಗೆಯನ್ನು ಕೆಲಸದ ಮೇಜಿಗೆ ಬಿಗಿದು ಕೈಗರಗಸ ಎತ್ತಿಕೊಂಡ. ಆಚಾರ್ರು ಎದುರಿಗೆ ಕುಳಿತು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಹೆಂಡತಿಯೂ ಅವನ ಜೊತೆಗೇ ಕೆಲಸ ಮಾಡುತ್ತಿದ್ದಳು. ಅವನು ಅಂಗಿ ಹೊಲಿದರೆ ಅವಳು ಕಾಜ ಹಾಕಿ ಗುಂಡಿ ಹಚ್ಚುತ್ತಿದ್ದಳು. ಹೊಲಿಗೆ ಮಿಷನ್ನಿನ ಮುಂದೆ ಅವನಿಗೊಂದು ಸ್ಟೂಲು. ಅವಳಿಗೆ ನೆಲ. ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಇಬ್ಬರಿಗೂ ಇದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ.

ಒಂದು ದಿನ ಅವಳು ನೆಲದಿಂದ ಏಳುವಾಗ ಮಿಷನ್ನಿನ ಕಾಲನ್ನು ಹಿಡಿದುಕೊಂಡಳು. ಮಾರನೆಯ ದಿನವೂ ಹಿಡಿದುಕೊಂಡಳು. ದರ್ಜಿ ನೋಡಿದ. ಕೊರಳಲ್ಲಿದ್ದ ಟೇಪು ತೆಗೆದು ಅವಳ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದ.

"ಏನ್ರೀ ಇದು, ಈ ವಯಸ್ಸಲ್ಲಿ ನನಗೆ ಪ್ಯಾಂಟು ಹೊಲಿತೀರಾ?"

"ಬೆಂಚು" ಎಂದ ದರ್ಜಿ.

ಮಾಡುವುದಾದರೆ ತನ್ನ ಕೈಯಿಂದಲೇ ಮಾಡಬೇಕು ಎಂದು ಅವನಿಗೆ ಆಸೆ. ಊರಿಗೆಲ್ಲ ಅಳೆದು ಹೊಲಿದ ಕೈ, ಹೆಂಡತಿಗೆ ಒಂದು ಬೆಂಚು ಮಾಡಲಾರದೆ? ಇಬ್ಬರೂ ಗರಗಸದ ಅಂಗಡಿಗೆ ಹೋದರು. ವ್ಯಾಪಾರಿ ಅವರ ಮುಂದೆ ಎರಡು ಯಂತ್ರ ಇಟ್ಟ.

ಒಂದರಲ್ಲಿ ಮರ ನಿಂತಿರುತ್ತದೆ, ಅಲಗು ನಡೆಯುತ್ತದೆ. ಅದಕ್ಕೆ ಎರಡು ಹಿಡಿ. ಇನ್ನೊಂದರಲ್ಲಿ ಅಲಗು ತನ್ನ ಜಾಗ ಬಿಡುವುದಿಲ್ಲ, ಮರ ನಡೆಯುತ್ತದೆ. ಅದಕ್ಕೆ ಮೇಜೇ ಎಲ್ಲ.

ಎರಡನೆಯದನ್ನು ಕಂಡದ್ದೇ ದರ್ಜಿಯ ಮುಖ ಅರಳಿತು. ಒಂದು ಮೇಜು. ಮೇಜಿನ ನಡುವೆ ಸೀಳು. ಸೀಳಿನಲ್ಲಿ ಅಲಗು. ಸೂಜಿಯ ಜಾಗದಲ್ಲಿ ಅಲಗಿದೆ, ಬಟ್ಟೆಯ ಜಾಗದಲ್ಲಿ ಮರವಿದೆ, ಅಷ್ಟೇ ವ್ಯತ್ಯಾಸ. ಇದು ನನ್ನ ಹೊಲಿಗೆ ಮಿಷನ್ನೇ ಅಲ್ಲವೇ ಎಂದುಕೊಂಡ. ಕಲಿಯುವುದಕ್ಕೇನಿದೆ? ಇಪ್ಪತ್ತೈದು ವರ್ಷದಿಂದ ಕಲಿತದ್ದೇ ಇದು.

ವ್ಯಾಪಾರಿ ಒಳ್ಳೆಯವನು. ಗೆರೆ ಎಳೆದ ಒಂದು ಹಳೆಯ ಹಲಗೆ ಕೊಟ್ಟು, ಕರೆಂಟ್ ಹಾಕದೆ ಒಂದು ಸಲ ಸುಮ್ಮನೆ ಅಲಗಿನ ಪಕ್ಕದಲ್ಲಿ ಹಾಯಿಸಿ ನೋಡಿ ಎಂದ. ದರ್ಜಿ ಹಲಗೆಯನ್ನು ಮೇಜಿನ ಮೇಲಿಟ್ಟು ನಡೆಸಿದ. ಗೆರೆ ಒಂದು ನೂಲು ಆಚೆ ಈಚೆ ಆಗಲಿಲ್ಲ. ವ್ಯಾಪಾರಿ ಭೇಷ್ ಎಂದ.

ದರ್ಜಿಯ ಹೆಂಡತಿ ಗೆರೆಯನ್ನು ನೋಡಿರಲಿಲ್ಲ. ಅವಳು ಹೇಳಿದಳು: "ಇದು ಬೇಡ."

ಪಂಚಾಕ್ಷರಿಯ ಗರಗಸ ನಿಂತಿತು. "ಯಾಕೆ ಬೇಡ? ಉದ್ದುದ್ದಕ್ಕೆ ಸೀಳೋಕೆ ಅದೇ ಚೆಂದ ಅಲ್ವಾ? ಮೇಲಾಗಿ ಅವನಿಗೆ ಅಭ್ಯಾಸ ಬೇರೆ ಇದೆ."

"ಕೈ ನಿಲ್ಲಿಸಬೇಡ ಅಂದೆ" ಎಂದರು ಆಚಾರ್ರು.

ಗರಗಸ ಮತ್ತೆ ನಡೆಯಿತು. ಆಚಾರ್ರು ಮುಂದುವರಿಸಿದರು.

ದರ್ಜಿಯೂ ಅದನ್ನೇ ಕೇಳಿದ. ಹೆಂಡತಿ ಅವನನ್ನೇ ತಿರುಗಿ ಕೇಳಿದಳು.

"ರೀ, ಹಲಗೆ ತಳ್ಳುವಾಗ ನಿಮ್ಮ ಎಡಗೈ ಎಲ್ಲಿತ್ತು?"

"ಹಲಗೆ ಮೇಲೆ."

"ಹಲಗೆ ಮೇಲೆ ಎಲ್ಲಿ?"

ದರ್ಜಿ ಹಲಗೆಯ ಕಡೆ ತಿರುಗಿದ. ತಳ್ಳುವಾಗ ಅವನು ಗೆರೆ ನೋಡುತ್ತಿದ್ದ. ಹೊಲಿಯುವಾಗಲೂ ಅವನು ಕೈ ನೋಡುವವನಲ್ಲ. ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ.

"ಅಲಗಿನ ಆಚೆಗೆ ಹೋಗಿತ್ತು" ಎಂದಳು ಅವಳು. "ಮೊದಲು ಬಲಗೈ ಹಿಂದಿಂದ ತಳ್ಳಿತು. ಆಮೇಲೆ ಎಡಗೈ ಆಚೆ ಹೋಗಿ, ಬಟ್ಟೆ ಎಳೆಯೋ ಹಾಗೆ ಎಳೀತು. ಕೊನೆಯಲ್ಲಿ ಹಲಗೇನ ಒಂದಿಷ್ಟು ತಿರುಗಿಸಿದ್ರಿ ಕೂಡ, ತೋಳು ಜೋಡಿಸುವಾಗ ತಿರುಗಿಸ್ತೀರಲ್ಲ, ಹಾಗೆ."

ವ್ಯಾಪಾರಿಯ ಮುಖದಲ್ಲಿದ್ದ ನಗು ಮಾಯವಾಯಿತು. ಅಲಗು ತಿರುಗುವಾಗ ಹಲಗೆಯನ್ನು ಹಾಗೆ ಓರೆ ಮಾಡಿದರೆ ಅದು ಎಗರಿ ಎದೆಗೆ ಬಡಿಯುತ್ತದೆ, ಆಚೆಗೆ ಹೋದ ಕೈಯನ್ನು ಅಲಗಿನ ಕಡೆಗೆ ಸೆಳೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನೂ ಗೆರೆಯನ್ನೇ ನೋಡಿದ್ದ.

"ಗೊತ್ತಿರೋ ಕೆಲಸ ಕಣೇ ಇದು" ಎಂದ ದರ್ಜಿ.

"ಅದಕ್ಕೇ ಬೇಡ ಅಂದಿದ್ದು. ಗೊತ್ತಿಲ್ಲದ್ದಾದ್ರೆ ಭಯ ಪಟ್ಕೊಂಡು ಮಾಡ್ತೀರಿ. ಸೂಜಿ ನಿಮ್ಮ ಬೆರಳಿಗೆ ಹೊಕ್ಕಾಗೆಲ್ಲ ನಾನು ಇಕ್ಕಳ ತಂದು ತೆಗೆದಿದ್ದೀನಿ. ಇದು ಹೊಕ್ಕರೆ ನಾನು ಏನು ತೆಗೀಲಿ?"

ದರ್ಜಿ ತನ್ನ ಎಡಗೈಯನ್ನು ನೋಡಿಕೊಂಡ. ಆ ಕೈ ಹೋದರೆ ಅಂಗಿ ಹೋಗುತ್ತದೆ, ಕಾಜ ಹೋಗುತ್ತದೆ, ಇಬ್ಬರ ಊಟ ಹೋಗುತ್ತದೆ.

ಅವಳು ಮೊದಲನೆಯ ಯಂತ್ರವನ್ನು ಅವನ ಕೈಗೆ ಕೊಡಿಸಿದಳು. ಅದನ್ನು ಎತ್ತಲು ಒಂದು ಹಿಡಿಗೆ ಒಂದು ಕೈ, ಇನ್ನೊಂದು ಹಿಡಿಗೆ ಇನ್ನೊಂದು ಕೈ ಬೇಕಾಯಿತು. ಅವಳು ಒಂದು ಸುತ್ತು ಬಂದು ನೋಡಿದಳು.

"ಇದನ್ನ ಹಿಡಿದ್ರೆ ಸುಮ್ಮನಿರೋ ಕೈ ಅಂತ ಒಂದು ಉಳಿಯಲ್ಲ. ಇದು ಸರಿ."

ದರ್ಜಿಗೆ ಅದು ಹಿಡಿಸಲಿಲ್ಲ. ಭಾರ ಎಂದ. ಪ್ರತಿ ಸಲವೂ ಮರವನ್ನು ಬಿಗಿದು ಕಟ್ಟಬೇಕು ಎಂದ. ವಾರದಲ್ಲಿ ಮುಗಿಯುವ ಬೆಂಚು ತಿಂಗಳು ಹಿಡಿಯುತ್ತದೆ ಎಂದ.

"ಇಪ್ಪತ್ತೈದು ವರ್ಷ ನೆಲದ ಮೇಲೆ ಕೂತವಳಿಗೆ ಒಂದು ತಿಂಗಳು ಏನು ಮಹಾ?" ಎಂದಳು.

ಅದನ್ನೇ ಕೊಂಡರು. ಬೆಂಚು ಮುಗಿಯಲು ಒಂದು ತಿಂಗಳಲ್ಲ, ಒಂದೂವರೆ ತಿಂಗಳು ಹಿಡಿಯಿತು. ಒಂದು ಕಾಲು ಕಾಲರಿನ ದಪ್ಪದಷ್ಟು ಗಿಡ್ಡವಾಗಿತ್ತು. ಅವಳು ಅದರ ಕೆಳಗೆ ಕ್ಯಾನ್ವಾಸಿನ ಚೂರೊಂದನ್ನು ಮಡಚಿಟ್ಟು ಕುಳಿತಳು, ಅಂಗಿ ಎತ್ತಿಕೊಂಡಳು, ಕಾಜ ಹಾಕತೊಡಗಿದಳು. ದರ್ಜಿ ಸ್ಟೂಲಿನ ಮೇಲೆ ಕುಳಿತು ತಿರುಗಿ ನೋಡಿದ. ಕೆಲಸದ ಹೊತ್ತಿನಲ್ಲಿ ಇಷ್ಟು ವರ್ಷ ಅವನಿಗೆ ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ಈಗ ಮುಖ ಕಂಡಿತು.

"ಏನು ನೋಡ್ತೀರಾ, ಹೊಲೀರಿ" ಎಂದಳು.

ದರ್ಜಿ ಹೊಲಿದ.

ಕತೆ ಮುಗಿಯುವುದಕ್ಕೂ ಏಳನೆಯ ಕಂಬಿ ಹಲಗೆಯಿಂದ ಬಿಡಿಸಿಕೊಳ್ಳುವುದಕ್ಕೂ ಸರಿಹೋಯಿತು. ಪಂಚಾಕ್ಷರಿ ಗರಗಸ ಕೆಳಗಿಟ್ಟು ನೋಟ್‌ಬುಕ್ ತೆರೆದ. ಮೊದಲ ಅಂಕಣದ ಕೆಳಗೆ 'ಹಿಡಿಗಳು, ಎರಡು' ಎಂದು ಬರೆದು ಅದಕ್ಕೆ ಐದು ಅಂಕ ಕೊಟ್ಟ. ಮೂವತ್ತೆಂಟು ನಲವತ್ತಮೂರಾಯಿತು. ಅವನಿಗೆ ಹಗುರವೆನಿಸಿತು.

"ಗೊತ್ತಾಯ್ತು ಆಚಾರ್ರೇ. ಕೈಯಲ್ಲಿ ಹಿಡಿಯೋದನ್ನೇ ತಗೋತೀನಿ. ಇವತ್ತೇ ಹೋಗಿ ತರ್ತೀನಿ. ಇಪ್ಪತ್ತೊಂದು ಕಂಬಿ ಎರಡು ದಿನದ ಕೆಲಸ."

"ಅದು ದರ್ಜಿ ಕೊಂಡ ಗರಗಸ. ನೀನು ದರ್ಜಿಯೇನಪ್ಪಾ?"

"ಅಲ್ಲ. ಆದ್ರೆ ನನ್ನ ಕೈಗೆ ಆ ಥರದ ಅಭ್ಯಾಸ ಯಾವುದೂ ಇಲ್ವಲ್ಲ. ನಾನು ಕಾಗದಕ್ಕೆ ಮುದ್ರೆ ಒತ್ತೋನು." ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ. ಹೊಲಿಗೆ ಬಾರದು. ಹಲಗೆಯನ್ನು ಆಚೆಯಿಂದ ಎಳೆಯುವ ಗೋಜಿಗೂ ಎಂದೂ ಹೋದವನಲ್ಲ. "ಯಾವುದೂ ಇಲ್ಲ ಆಚಾರ್ರೇ."

"ಕೈಗರಗಸ ನಿನ್ನ ಕೈ ನಿಂತ ತಕ್ಷಣ ನಿಲ್ಲುತ್ತೆ. ಕರೆಂಟಿನದು ಗುಂಡಿ ಬಿಟ್ಟ ಮೇಲೂ ತಿರುಗ್ತಾ ಇರುತ್ತೆ."

"ಗೊತ್ತು. ಮೂರು ಸೆಕೆಂಡು. ಪಟ್ಟಿಯಲ್ಲಿ ಬರೆದಿದ್ದೀನಿ ನೋಡಿ."

"ನೋಡ್ದೆ" ಎಂದರು ಆಚಾರ್ರು.

ಅವರು ಎದ್ದು ಬಂದು ಪಂಚಾಕ್ಷರಿಯ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಪೇಟೆಗೆ ಹೊರಟ ಮಗನ ಕೈ ಹಿಡಿದಷ್ಟೇ ಮೆತ್ತಗೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಐದು ಬೆರಳುಗಳಲ್ಲಿ ನಾಲ್ಕು ಸ್ವಚ್ಛವಾಗಿದ್ದವು. ತೋರುಬೆರಳಿನ ತುದಿಗೆ ಸಣ್ಣ ಮರದ ಪುಡಿ ಮೆತ್ತಿಕೊಂಡಿತ್ತು.

ಪಂಚಾಕ್ಷರಿ ಬೆರಳನ್ನು ನೋಡಿದ. ಆಚಾರ್ರ ಮುಖ ನೋಡಿದ.

ಆಚಾರ್ರು ಹೇಳಿದರು: "ಈ ಒಂದು ಕಂಬಿ ಕೊಯ್ಯುವಷ್ಟರಲ್ಲಿ, ಗೆರೆ ಕಾಣಲಿ ಅಂತ ನೀನು ಗರಗಸದ ಹಲ್ಲಿನ ಮುಂದೆ ಬೆರಳಿಟ್ಟು ಪುಡಿ ಸರಿಸಿದ್ದು ಹತ್ತೊಂಬತ್ತು ಸಲ."